ಆನ್‌ಲೈನ್ ಓದಿಗೂ ರಾತ್ರಿಶಾಲೆಯ ಶಿಸ್ತು ಬೇಕು



ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಮುಂದೆ ಬಂದವರು ಮುಂಬೈಯಲ್ಲಿ ಅನೇಕರು. ಅವರಿಗೆ ಹಾಜರಿ ಕರೆಯುವ ಮೇಷ್ಟ್ರಿದ್ದರು. ಇಂದು ಆಂಟಾಪ್ ಹಿಲ್‌ನ ಒಂದು ಕೋಣೆಯ ಮನೆಯಲ್ಲಿ ಮೊಬೈಲ್ ಹಿಡಿದು ಆನ್‌ಲೈನ್ ಪದವಿ ಓದುವ ಮಕ್ಕಳಿಗೆ ಆ ಮೇಷ್ಟ್ರಿಲ್ಲ. ಯಾವಾಗ ಬೇಕಾದರೂ ಪಾಠ ನೋಡಬಹುದೆಂಬ ಅನುಕೂಲವೇ ‘ನಾಳೆ ನೋಡಿದರಾಯಿತು’ ಎಂಬ ಅಭ್ಯಾಸವಾಗಿಬಿಡುತ್ತದೆ. ನನ್ನ ಮಗನಿಗೂ ಹಾಗೇ ಆಯಿತು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕಲಿಕಾ ತಾಣದಲ್ಲಿ ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ. ಪದವಿಗೆ ಹಣ ಕಟ್ಟುವ ಮುನ್ನ ಮಕ್ಕಳು ಅಲ್ಲೊಂದು ಕೋರ್ಸ್ ಪೂರ್ತಿ ಮುಗಿಸಿ ತಮ್ಮ ಶಿಸ್ತನ್ನು ಪರೀಕ್ಷಿಸಿಕೊಳ್ಳಲಿ. ಸೇರಲಿರುವ ಪದವಿಗೆ ಯುಜಿಸಿ ಮಾನ್ಯತೆ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಲಿ. ನಗರದ ಕನ್ನಡ ಸಂಘಗಳು ದಿನಾ ಸಂಜೆ ಎರಡು ಗಂಟೆ ತಮ್ಮ ಸಭಾಂಗಣವನ್ನು ಈ ಮಕ್ಕಳ ಓದಿಗೆ ತೆರೆದಿಡಬೇಕೆಂದು ವಿನಂತಿ.

– ಒಬ್ಬ ತಾಯಿ, ಆಂಟಾಪ್ ಹಿಲ್, ಮುಂಬೈ