ಗೃಹವೈದ್ಯ: ಹಿಮದ ಆಟವೂ ಹೊಟ್ಟೆಯ ಪೆಟ್ಟೂ

ಕೆನಡಾ, ಅಮೆರಿಕ ಮೊದಲಾದ ಶೀತದೇಶಗಳಲ್ಲಿ ಚಳಿಗಾಲ ಬಂತೆಂದರೆ ಹುಡುಗರು ಹಿಮದ ಇಳಿಜಾರುಗಳಿಗೆ ಓಡುವರು. ಅಲ್ಲಿ ನೆಲಸಿರುವ ನಮ್ಮವರ ಮಕ್ಕಳೂ ಇದಕ್ಕೆ ಹೊರತಲ್ಲ. ಒಂದೇ ಹಲಗೆಗೆ ಎರಡು ಪಾದಗಳನ್ನೂ ಬಿಗಿದುಕೊಂಡು ಜಾರುವ ಸ್ನೋಬೋರ್ಡು ಎಂಬ ಈ ಆಟವು 1998ರ ನಗಾನೋ ಒಲಿಂಪಿಕ್ಸಿನಲ್ಲಿಯೂ ಸ್ಥಾನ ಪಡೆಯಿತು. ಇದರಲ್ಲಿ ಮಣಿಕಟ್ಟು ಮುರಿಯುವುದು ಸಾಮಾನ್ಯ. ಅದನ್ನು ಯಾರೂ ಅಲಕ್ಷ್ಯಮಾಡುವುದಿಲ್ಲ. ನಾವು ಹೇಳಹೊರಟಿರುವುದು ಕಣ್ಣಿಗೆ ಕಾಣದ ಪೆಟ್ಟಿನ ವಿಚಾರ.

ಎಡಗಡೆಯ ಕೆಳಪಕ್ಕೆಲುಬುಗಳ ಮರೆಯಲ್ಲಿ ಗುಲ್ಮವೆಂಬ ರಕ್ತಭರಿತವಾದ ಮೃದು ಅಂಗವಿದೆ. ನೆಗೆದು ಇಳಿಯುವಾಗ ಆಯತಪ್ಪಿ ಬಿದ್ದರೆ, ಇಲ್ಲವೆ ಮರಕ್ಕೆ ಅಪ್ಪಳಿಸಿದರೆ, ಅದು ಬಿರಿಯಬಹುದು. ಎಳೆಯರ ಪಕ್ಕೆಲುಬು ಬಿದಿರಿನ ಸೀಳಿನಂತೆ ಬಾಗುವುದಾದ್ದರಿಂದ, ಎಲುಬು ಮುರಿಯದೆಯೇ ಗುಲ್ಮವೋ ಯಕೃತ್ತೋ ಮೂತ್ರಪಿಂಡವೋ ಗಾಯಗೊಳ್ಳುವುದುಂಟು. ಹುಡುಗನಾದರೋ ಹಿಮವನ್ನು ಕೊಡವಿಕೊಂಡೆದ್ದು "ಏನೂ ಆಗಿಲ್ಲಮ್ಮ" ಎನ್ನುವನು. ಆ ಮಾತನ್ನು ನಂಬಿ ಸುಮ್ಮನಾಗಬಾರದು. ಕೆಲವು ಘಂಟೆಗಳ ಮೇಲೆ ಹೊಟ್ಟೆನೋವು, ವಾಂತಿ, ತಣ್ಣನೆಯ ಬೆವರು, ಮುಖ ಬಿಳಿಚಿಕೊಳ್ಳುವುದು ತೋರಬಹುದು. ಮೂತ್ರದಲ್ಲಿ ರಕ್ತ ಕಂಡರೆ ಮೂತ್ರಪಿಂಡದ ಮೇಲೆ ಸಂಶಯಪಡಬೇಕು. ಪೆಟ್ಟೇ ಬೀಳದ ಎಡಭುಜ ನೋಯುತ್ತಿದ್ದರೆ ಇನ್ನೂ ಎಚ್ಚರ ಅಗತ್ಯ. ಒಳಗೆ ಸೋರಿದ ರಕ್ತವು ವಪೆಯನ್ನು ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುವುದು. ಮಕ್ಕಳಲ್ಲಿ ಮೊದಲು ನಾಡಿಯ ವೇಗ ಹೆಚ್ಚುವುದು. ರಕ್ತದ ಒತ್ತಡವು ಬಹಳ ರಕ್ತ ನಷ್ಟವಾಗುವವರೆಗೂ ಸರಿಯಾಗಿಯೇ ಇದ್ದು ನಮ್ಮನ್ನು ವಂಚಿಸುವುದು.

ಬಿದ್ದವನನ್ನು ಜಾರಿಕೊಂಡೇ ಕೆಳಗಿಳಿಯಗೊಡಬಾರದು. ಅಲುಗಿಸದೆ ಮಲಗಿಸಿ, ಕಂಬಳಿ ಹೊದಿಸಿ, ಇಳಿಜಾರಿನ ರಕ್ಷಕದಳದವರನ್ನು ಕರೆಯಿಸತಕ್ಕದ್ದು. ಅವರು ಜಾರುಬಂಡಿಯಲ್ಲಿ ಒಯ್ಯುವರು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಕಾಫಿ ಹಾಗಿರಲಿ, ನೀರನ್ನೂ ಕೊಡಕೂಡದು. ಹೊಟ್ಟೆಯನ್ನು ನೀವುವುದು, ಶಾಖ ಕೊಡುವುದು, ಆಸ್ಪಿರಿನ್ ನುಂಗಿಸುವುದು ಇವೆಲ್ಲ ಅಪಾಯಕರ.

ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್, ಸಿ.ಟಿ. ಪರೀಕ್ಷೆಗಳಿಂದ ಒಳಗಿನ ರಕ್ತಸ್ರಾವವನ್ನು ಕಂಡುಹಿಡಿಯುವರು. ಹಿಂದೆ ಬಿರಿದ ಗುಲ್ಮವನ್ನು ಕತ್ತರಿಸಿ ತೆಗೆಯುವುದೇ ವಾಡಿಕೆಯಾಗಿತ್ತು. ಆದರೆ ಗುಲ್ಮವಿಲ್ಲದ ಮಗುವಿಗೆ ಮಾರಕವಾದ ಸೋಂಕು ತಗಲುವ ಭಯ ಹೆಚ್ಚೆಂದು 1952ರಿಂದೀಚೆಗೆ ತಿಳಿದುಬಂದಿತು. 1968ರಲ್ಲಿ ಟೊರೊಂಟೊ ನಗರದ ಉಪಾಧ್ಯಾಯ ಮತ್ತು ಸಿಂಪ್ಸನ್ ಎಂಬ ವೈದ್ಯರು, ಮಕ್ಕಳ ಗುಲ್ಮದ ಗಾಯವು ಶಸ್ತ್ರವಿಲ್ಲದೆಯೂ ಮಾಯಬಲ್ಲುದೆಂದು ಪ್ರಕಟಿಸಿದರು. ಈಗ ನಾಡಿ, ರಕ್ತದ ಒತ್ತಡಗಳು ಸ್ಥಿರವಾಗಿರುವ ಮಕ್ಕಳಲ್ಲಿ ಬಹುಮಂದಿ ವಿಶ್ರಾಂತಿ ಮತ್ತು ಎಚ್ಚರದ ನಿಗಾದಿಂದಲೇ ಗುಣಹೊಂದುವರು. ರಕ್ತಸ್ರಾವ ನಿಲ್ಲದಿದ್ದರೆ ಮಾತ್ರ ಶಸ್ತ್ರವೈದ್ಯರು ಕೈಹಾಕುವರು.

ಮನೆಗೆ ಬಂದ ಹುಡುಗನನ್ನು ತಡೆದು ಕೂರಿಸುವುದೇ ತಾಯಿಗೆ ದೊಡ್ಡ ಕಷ್ಟ. ಕೆಲವು ದಿನಗಳ ಮೇಲೂ ಗಾಯವು ಮತ್ತೆ ಬಿರಿದು ರಕ್ತ ಹರಿಯುವುದುಂಟಾದ್ದರಿಂದ, ವೈದ್ಯರು ಹೇಳಿದಷ್ಟು ವಾರಗಳು ಹಲಗೆಯನ್ನು ಅಟ್ಟದ ಮೇಲಿಟ್ಟಿರಬೇಕು.