ಸಾಲಿಗೆ ಬಂದ ತಂತ್ರಜ್ಞಾನ: ಲೆಕ್ಕಕ್ಕೆಷ್ಟು, ಪಾಠಕ್ಕೆಷ್ಟು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ರೋಣ, ನರಗುಂದ, ಗಜೇಂದ್ರಗಡದ ಚಹಾ ಅಂಗಡಿಗಳಲ್ಲಿ ಒಂದೇ ಮಾತು: ‘ಯಾಕ್ರೀ ಮಾಸ್ತರ, ಈಗೀಗ ಇಷ್ಟ್ಯಾಕ ಇಳೀತು?’ ರಾಜ್ಯದ ಅಂಕಿ ನೋಡಿ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಬಂತು. 2025ರ ಮೊದಲ ಪರೀಕ್ಷೆಯಲ್ಲಿ ಶೇ 66.14. ಎರಡು ವರ್ಷದಲ್ಲಿ ಮಕ್ಕಳ ಬುದ್ಧಿ ಇಳಿಯಲಿಲ್ಲ. 2024ರಿಂದ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ನಕಲಿಗೆ ಕಡಿವಾಣ ಬಿತ್ತು.

ಕ್ಯಾಮೆರಾ ಬಂದದ್ದು ಒಳ್ಳೆಯದೇ ಆಯ್ತು. ಓದಿದ ಮಗುವಿಗೆ ನ್ಯಾಯ ಸಿಕ್ಕಿತು. ಆದರೆ ಕ್ಯಾಮೆರಾ ಪಾಠ ಹೇಳುವುದಿಲ್ಲ. ಜ್ವರ ಎಷ್ಟೈತಿ ಅಂತ ಥರ್ಮಾಮೀಟರ್ ತೋರಸ್ತೈತಿ, ಗುಳಿಗಿ ಬ್ಯಾರೇನ ಬೇಕು. 2025-26ರಿಂದ ತೇರ್ಗಡೆಗೆ ಬೇಕಾದ ಒಟ್ಟು ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸಲಾಗಿದೆ. ಅದರಿಂದ ಜ್ವರ ಇಳಿಯೋದಿಲ್ಲ, ಥರ್ಮಾಮೀಟರಿನ ಗೆರೆ ಅಷ್ಟೇ ಸರೀತೈತಿ.

ಸರಕಾರಿ ಶಾಲೆಯಲ್ಲಿ ಪಾಠ ಮಾಡುವವನಾಗಿ ನನಗನಿಸುವುದು ಇಷ್ಟು: ನಮ್ಮ ಶಾಲೆಗಳಿಗೆ ಮೂರು ನಮೂನಿ ತಂತ್ರಜ್ಞಾನ ಬಂದಿದೆ. ಒಂದು ಕಾವಲು ಕಾಯುವುದು, ಇನ್ನೊಂದು ಲೆಕ್ಕ ಕೇಳುವುದು, ಮತ್ತೊಂದು ಕಲಿಸುವುದು. ಮೊದಲ ಎರಡೂ ಗಟ್ಟಿಯಾಗಿ ಕೂತಿವೆ. ಮೂರನೆಯದು ಇನ್ನೂ ಬಾಗಿಲಲ್ಲೇ ನಿಂತಿದೆ.

ಲೆಕ್ಕ ಕೇಳುವ ಮೊಬೈಲ್

ಶಿಕ್ಷಕರ ಕೈಯಲ್ಲಿ ಮೊಬೈಲ್ ಕಂಡರೆ ಪಾಲಕರಿಗೆ ಸಿಟ್ಟು ಬರುತ್ತದೆ. ಸಿಟ್ಟು ತಪ್ಪಲ್ಲ. ಆದರೆ ಆ ಮೊಬೈಲ್‌ನಲ್ಲಿ ಏನು ನಡೆದಿರುತ್ತದೆ ಅಂತಲೂ ಗೊತ್ತಿರಲಿ. ಮಕ್ಕಳ ದಾಖಲಾತಿಗೆ ಎಸ್‌ಎಟಿಎಸ್, ಶಾಲೆಯ ಮಾಹಿತಿಗೆ ಯುಡೈಸ್ ಪ್ಲಸ್, ಬಿಸಿಯೂಟದ ಲೆಕ್ಕ ಬೇರೆ. ವಾಟ್ಸಾಪ್ ಗ್ರೂಪಿನಲ್ಲಿ ‘ಇವತ್ತು ಸಂಜೆಯೊಳಗೆ’ ಎಂಬ ಸಂದೇಶ ಬಂದರೆ ಹೆಡ್ ಮಾಸ್ತರು ತರಗತಿ ಬಿಟ್ಟು ಆಫೀಸ್ ಖೋಲಿಗೆ ಓಡಬೇಕು. ಸರ್ವರ್ ಬ್ಯುಸಿ ಇದ್ದರೆ ಆ ಪಿರಿಯಡ್ ಹೋದಂಗ.

2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ನೆನಪಿಸಿಕೊಳ್ಳಿ. ಶಿಕ್ಷಕರೇ ಆ್ಯಪ್ ಹಿಡಿದು ಮನೆಮನೆ ತಿರುಗಿದರು. ಒಟಿಪಿಗಾಗಿ ಕಟ್ಟೆಯ ಮೇಲೆ ಕಾದರು, ನೆಟ್‌ವರ್ಕ್‌ಗಾಗಿ ಮಾಳಿಗಿ ಹತ್ತಿದರು. ಕೆಲಸ ಮುಗಿಯದೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಹೋದ ಪಾಠದ ದಿನಗಳು ಮಾತ್ರ ಬಡ ಮಕ್ಕಳ ಖಾತೆಯಿಂದಲೇ ಕಡಿತವಾದವು.

ಕಲಿಸುವ ಯಂತ್ರ ಹೊಸದೇನಲ್ಲ

ಪಾಠಕ್ಕೆ ಯಂತ್ರ ಬಳಸುವುದು ನಮಗೆ ಹೊಸದಲ್ಲ. ಆಕಾಶವಾಣಿಯ ‘ಕೇಳಿ ಕಲಿ’ ಬಂದಾಗ ರೇಡಿಯೋ ಮುಂದೆ ಕೂತು ಮಕ್ಕಳು ಹಾಡುತ್ತಿದ್ದರು, ಅಕ್ಕೋರು ನಡುವೆ ಪ್ರಶ್ನೆ ಕೇಳುತ್ತಿದ್ದರು. ಅಗ್ಗದ ಯಂತ್ರ, ರಿಪೇರಿಯೂ ಸುಲಭ. ಈಗ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ದೀಕ್ಷಾ ಆ್ಯಪ್‌ನಲ್ಲಿ ವಿಡಿಯೋ ಇದೆ.

ಕೋವಿಡ್ ಕಾಲ ಎಲ್ಲವನ್ನೂ ಒರೆಗೆ ಹಚ್ಚಿತು. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಟಿವಿ ಪಾಠ ಚೆನ್ನಾಗೇ ಇತ್ತು. ಆದರೆ ‘ತಿಳೀಲಿಲ್ರಿ ಸರ್’ ಅಂತ ಹೇಳಲು ಟಿವಿಯೊಳಗಿನ ಮಾಸ್ತರು ಕೇಳಬೇಕಲ್ಲ? ಗುಡಿ ಪೌಳಿಯಲ್ಲಿ, ಬೇವಿನ ಮರದ ಕೆಳಗೆ ಎಂಟ್ಹತ್ತು ಮಕ್ಕಳನ್ನು ಕೂಡಿಸಿಕೊಂಡು ಮಾಡಿದ ವಿದ್ಯಾಗಮದ ಪಾಠದಲ್ಲಿ ಆ ಮಾತಿಗೆ ಜಾಗ ಇತ್ತು.

ಇದರರ್ಥ ಸ್ಮಾರ್ಟ್ ಟಿವಿ ಬೇಡ ಅಂತಲ್ಲ. ಕಪ್ಪು ಹಲಗೆಯ ಮೇಲೆ ಹೃದಯದ ಚಿತ್ರ ಬರೀಬಹುದು, ರಕ್ತ ಹರಿಯುವುದನ್ನು ತೋರಿಸಲಾಗದು. ಸಮುದ್ರ ನೋಡದ ನಮ್ಮ ಮಕ್ಕಳಿಗೆ ಉಬ್ಬರ-ಇಳಿತ ತೋರಿಸಲು ವಿಡಿಯೋನೇ ಬೇಕು. ಆದರೆ ಭಾಗಾಕಾರವನ್ನು ಟಿವಿ ನೋಡಿ ಯಾರೂ ಕಲಿಯುವುದಿಲ್ಲ, ಪಾಟಿ ಮೇಲೆ ಬರೆದು ಅಳಿಸಿಯೇ ಕಲಿಯಬೇಕು. ಅದಕ್ಕೇ 40 ನಿಮಿಷದ ಪಿರಿಯಡ್‌ನಲ್ಲಿ ಹತ್ತು ನಿಮಿಷ ತೋರಿಸುವುದು, ಉಳಿದದ್ದರಲ್ಲಿ ಕೇಳುವುದು, ಬರೆಸುವುದು, ಇದು ನನ್ನ ರೂಢಿ.

ಮನೆಯೊಳಗಿನ ಫೋನ್

ದೇಶದ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳ ಬಗ್ಗೆ 2024ರ ‘ಅಸರ್’ ವರದಿ ಹೇಳಿದ್ದು ಹೀಗೆ: ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರ ಅವರಲ್ಲಿ ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಬಳಸಿದವರು ಶೇ 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಲ್ಲಾದಲ್ಲಿ ಕೂತ ಹುಡುಗ ಫೋನ್‌ಪೇ ಸರಸರ ನೋಡ್ತಾನ. ಆದರೆ 640 ರೂಪಾಯಿ ಮಾಲಿಗೆ ಶೇ 5 ಬಿಟ್ಟರೆ ಎಷ್ಟು ಅಂದರೆ ಕ್ಯಾಲ್ಕುಲೇಟರ್ ಹುಡುಕ್ತಾನ.

ಇನ್ನೊಂದು ಕಡೆ ಫೋನೇ ಇಲ್ಲದ ಮಕ್ಕಳಿದ್ದಾರೆ. ತಾಂಡಾಗಳಿಂದ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ಅಪ್ಪನ ಜೊತೆ ಮನೆಯ ಒಂದೇ ಫೋನೂ ಹೋಗುತ್ತದೆ. ‘ಹೋಂವರ್ಕ್ ವಾಟ್ಸಾಪ್‌ಗೆ ಹಾಕೀವಿ’ ಅನ್ನುವ ಶಾಲೆಯ ಮಾತು ಆ ಮಗುವಿಗೆ ಮುಟ್ಟುವುದೇ ಇಲ್ಲ. ಹೋಂವರ್ಕ್ ವಹಿಯಲ್ಲೇ ಬರೆಸಬೇಕು.

ಈಗ ಎಐ ಬೇರೆ ಬಂದಿದೆ. ಎಂಟು, ಒಂಬತ್ತನೇ ತರಗತಿ ಮಕ್ಕಳ ಪ್ರಾಜೆಕ್ಟ್ ನೋಡಿದರೆ ಎಲ್ಲರದೂ ಒಂದೇ ನಮೂನಿ ಪುಸ್ತಕದ ಭಾಷೆ. ಬೈದು ಪ್ರಯೋಜನವಿಲ್ಲ, ಪ್ರಶ್ನೆ ಬದಲಾಯಿಸಬೇಕು. ‘ಬಂಡಾಯದ ಬಗ್ಗೆ ಪ್ರಬಂಧ’ ಅಂದರೆ ಫೋನ್ ಬರೆದು ಕೊಡುತ್ತದೆ. ‘1980ರ ಜುಲೈ 21ರ ನರಗುಂದ ರೈತ ಬಂಡಾಯ ಕಂಡವರು ನಿಮ್ಮ ಓಣಿಯಲ್ಲಿದ್ದರೆ ಅವರ ಮಾತು ರೆಕಾರ್ಡ್ ಮಾಡಿಕೊಂಡು ಬಾ’ ಅಂದರೆ ಮಗುವೇ ಹೋಗಬೇಕು. ಮೂರ‍್ನಾಲ್ಕು ಮಕ್ಕಳಿಗೆ ಒಂದು ಫೋನ್ ಸಾಕು. ಗಜೇಂದ್ರಗಡದ ಮಗು ಮಗ್ಗದ ಮುಂದೆ ಕೂತು ಒಂದು ಸೀರೆಗೆ ಎಷ್ಟು ದಿನ, ಎಷ್ಟು ಕೂಲಿ ಅಂತ ಲೆಕ್ಕ ಹಾಕಲಿ. ರೋಣದ ಮಗು ಸಂತೆಯಲ್ಲಿ ಉಳ್ಳಾಗಡ್ಡಿ ದರ ನಾಲ್ಕು ವಾರ ಬರೆದಿಟ್ಟು ಸರಾಸರಿ ತೆಗೆಯಲಿ. ಹಿಂತಾ ಕೆಲಸದಾಗ ಫೋನ್ ಮಗುವಿನ ಕೈಯಾಗಿನ ಸಾಮಾನು ಆಗ್ತೈತಿ.

ಊರಿನವರು ಏನು ಮಾಡಬಹುದು?

ದಾನಿಗಳು ಶಾಲೆಗೆ ಟಿವಿ ಕೊಡುತ್ತಾರೆ, ಹೆಸರು ಬರೆಸುತ್ತಾರೆ, ಫೋಟೋ ಪೇಪರಿಗೆ ಬರುತ್ತದೆ. ಸಂತೋಷ. ಆದರೆ ಯುಪಿಎಸ್ ಬ್ಯಾಟರಿ ಕೂತರೆ ಕೇಳುವವರಿಲ್ಲ. ಸರಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಘೋಷಿಸಿದರು. ಬಿಲ್ಲಿನ ಭಾರ ಇಳಿದರೂ ಕರೆಂಟ್ ಹೋದಾಗ ಪಾಠ ನಿಲ್ಲುವುದು ತಪ್ಪುವುದಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿರುವಾಗ ಕೆಳಗಿನ ಶಾಲೆಯ ಟಿವಿ ಕಪ್ಪಗೆ ಕೂತಿರಬಾರದು. ಎರಡನೇ ಟಿವಿ ಕೊಡುವ ಬದಲು ಮೊದಲನೆಯದಕ್ಕೆ ಬ್ಯಾಟರಿ, ಒಂದು ವರ್ಷದ ನೆಟ್ ರೀಚಾರ್ಜ್ ಕೊಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯವರು ವರ್ಷಕ್ಕೆರಡು ಸಲ ಬಂದು ವೈರಿಂಗ್ ನೋಡಿ ಹೋದರೂ ದೊಡ್ಡ ದಾನವೇ.

ಇಲಾಖೆಗೆ ಒಂದು ಬೇಡಿಕೆ: ಪ್ರತಿ ಕ್ಲಸ್ಟರ್‌ಗೆ ಒಬ್ಬ ಡಾಟಾ ಎಂಟ್ರಿ ಆಪರೇಟರ್ ಕೊಡಿ. ಕಲಿಸುವವರು ತರಗತಿಯಲ್ಲೇ ಉಳಿಯಲಿ.

ಪಾಲಕರಿಗೂ ಒಂದು ಮಾತು. ಮುಂದಿನ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿ. ‘ಟಿವಿ ಐತೇನ್ರಿ?’ ಅಂತ ಕೇಳಬೇಡಿ, ಗ್ವಾಡಿ ಮೇಲೆ ಕಾಣುತ್ತಿರುತ್ತದೆ. ‘ಹೋದ ತಿಂಗಳು ಅದರಾಗ ಎಷ್ಟು ಪಾಠ ಆದವು? ಆದ ಮ್ಯಾಲ ನಮ್ಮ ಹುಡುಗ ಏನು ಬರದಾನ, ವಹಿ ತೋರಸ್ರಿ’ ಅಂತ ಕೇಳಿ. ಈ ಪ್ರಶ್ನೆ ತಿಂಗಳಿಗೊಮ್ಮೆ ಬರುತ್ತದೆ ಅಂತ ಗೊತ್ತಾದರೆ ನಾವು ಮಾಸ್ತರುಗಳೂ ತಯಾರಾಗಿ ಬರ‍್ತೀವಿ.