ಗುಂಡು ಹಾರಲಿಲ್ಲ, ಶಿಳ್ಳೆ ಹೊಡೆದೆ!



ಡಬ್ಬಿಂಗ್ ಅನ್ನೋದು ಸಿನಿಮಾದಲ್ಲಿ ಮಾತ್ರ ಅಂತ ತಿಳಿದಿದ್ದೀರಾ? ಕಾಡಿನಲ್ಲೂ ಉಂಟು! ಪೊದೆಯ ಹಿಂದೆ ಗಂಡಸು ಕೂತು ಹೆಣ್ಣಿನ ಕಂಠ ಕೊಡ್ತಾನೆ. ಹೀರೋ ನಂಬಿ, ಕುಣೀತಾ ಬರ್ತಾನೆ.... ಕ್ಲೈಮ್ಯಾಕ್ಸ್‌ನಲ್ಲಿ ಢಂ!

ಅಮೆರಿಕದ ಮಿಸೌರಿ ರಾಜ್ಯದಲ್ಲಿರೋ ದಾವಣಗೆರೆಯ ಗೆಳೆಯನ ಮನೆಗೆ ಹೋಗಿದ್ದೆ. ಏಪ್ರಿಲ್ ತಿಂಗಳು, ಕಾಡು ಟರ್ಕಿ ಕೋಳಿ ಬೇಟೆಯ ಸೀಸನ್. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಶಿಕಾರಿಗೆ ಬೀಗ ಹಾಕಿತು. ಅಲ್ಲಿ ಲೆಕ್ಕವೇ ಬೇರೆ. ಬೇಟೆಯಾಡಿ ಆಡಿ ಈ ಹಕ್ಕಿ ಒಂದು ಕಾಲಕ್ಕೆ ನಾಮಾವಶೇಷ ಆಗೋದರಲ್ಲಿತ್ತು. 1937ರ ಕಾನೂನಿನಿಂದ ಕೋವಿ, ತೋಟಾ ಮೇಲಿನ ತೆರಿಗೆ ಹಣ ಕಾಡುಪ್ರಾಣಿಗಳ ರಕ್ಷಣೆಗೆ ಹರಿಯಿತು. ಬಲೆ ಹಾರಿಸಿ ಹಕ್ಕಿ ಹಿಡಿದು, ಖಾಲಿ ಕಾಡುಗಳಿಗೆ ಸಾಗಿಸಿದರು. ಈಗ ಲಕ್ಷಗಟ್ಟಲೆ ಇವೆ.

ಲೈಸೆನ್ಸು, ಕೋವಿ ಎರಡೂ ಗೆಳೆಯನದು. ನಂದು ಬರೀ ಪ್ರೇಕ್ಷಕನ ಪಾತ್ರ. ಸ್ಟೈಲಾಗಿ ಕತ್ತಿಗೆ ಕೆಂಪು ಕರ್ಚೀಫು ಕಟ್ಟಿದ್ದೆ. ಗೆಳೆಯ ಕಿತ್ತು ಜೇಬಿಗೆ ತುರುಕಿದ.

"ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಎಲ್ಲರೂ ಗುರಿ ಇಡೋದು ಆ ತಲೆಗೇ. ಈ ಬಣ್ಣ ಕಟ್ಕೊಂಡು ಕೂತ್ರೆ ಇಂಟರ್ವಲ್‌ಗೇ ನಿನ್ನ ಕತೆ ಮುಗೀತು ಕಣೋ!"

ಬೆಳಕು ಹರಿಯೋ ಮುಂಚೆ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಟರ್ಕಿಯ ಕಣ್ಣು ಬಲು ಚುರುಕು. ಮೂಗಿನ ಮೇಲೆ ಸೊಳ್ಳೆ ಕೂತರೂ ಅಲ್ಲಾಡೋ ಹಾಗಿಲ್ಲ. ಗೆಳೆಯ ಪುಟ್ಟ ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿದ. 'ಕ್ಯಾಂವ್.... ಕ್ಯಾಂವ್....' ಸಾಕ್ಷಾತ್ ಹೆಣ್ಣು ಟರ್ಕಿ! ದೂರದ ಮರದಿಂದ ಗಂಡು ಗೊಗ್ಗರು ದನಿಯಲ್ಲಿ ಉತ್ತರ ಕೊಟ್ಟಿತು. ನನ್ನ ಎದೆ ಡವಡವ!

ಅರ್ಧ ಗಂಟೆ ಬಿಟ್ಟು ಸಾಹೇಬರು ಬಂದರು. ಬಾಲ ಬೀಸಣಿಗೆ ಹಾಗೆ ಬಿಚ್ಚಿ, ಎದೆ ಉಬ್ಬಿಸಿ, ಏನು ಠೀವಿ ಅಂತೀರಾ! ಮೂವತ್ತು ಗಜ ದೂರ. ಗೆಳೆಯನ ಬೆರಳು ಟ್ರಿಗರ್ ಮೇಲೆ. ಅಷ್ಟರಲ್ಲಿ ಹಕ್ಕಿಯ ಹಿಂದಿನ ಪೊದೆಯಿಂದ ಇನ್ನೊಂದು 'ಕ್ಯಾಂವ್'!

'ಹೊಡಿ, ಹೊಡಿ' ಅಂತ ನನ್ನ ಮನಸ್ಸು ಕೂಗ್ತಿತ್ತು. ಗೆಳೆಯ ಕೋವಿ ಇಳಿಸಿದ. ಕೈ ಬೀಸಲಿಲ್ಲ, ಏಳಲಿಲ್ಲ. ಕೂತಲ್ಲಿಂದಲೇ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಅರಚಿದ: "ಇಲ್ಲಿ ಮನುಷ್ಯರಿದ್ದೀವಿ!"

ಹಕ್ಕಿ ಪುರ್ರ್! ಪೊದೆಯಿಂದ ಎದ್ದದ್ದು ಒಬ್ಬ ಮುದುಕ. ಕೈಯಲ್ಲಿ ಅಂಥದ್ದೇ ಪೆಟ್ಟಿಗೆ, ತೊಡೆಯ ಮೇಲಿದ್ದ ಕೋವಿಯ ಬಾಯಿ ನಮ್ಮ ಕಡೆಗೇ. ಅವನೂ ಹೆಣ್ಣು, ನಾವೂ ಹೆಣ್ಣು! ಮೂವರೂ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕುಡಿದೆವು. ಲೋಟ ಹಿಡಿದ ಕೈಗಳೆಲ್ಲ ನಡುಗ್ತಿದ್ದವು.

1941ರ 'ಸಾರ್ಜೆಂಟ್ ಯಾರ್ಕ್' ಚಿತ್ರದಲ್ಲಿ ಗ್ಯಾರಿ ಕೂಪರ್ ಟರ್ಕಿ ಹಾಗೆ ಕೂಗಿ ಮೊದಲು ಹಕ್ಕಿಯ ತಲೆ ಎತ್ತಿಸ್ತಾನೆ, ಆಮೇಲೆ ಯುದ್ಧದಲ್ಲಿ ಶತ್ರು ಸೈನಿಕರ ತಲೆ! ಆ ಪಾತ್ರಕ್ಕೆ ಅವನಿಗೆ ಆಸ್ಕರ್ ಬಂತು. ಹಕ್ಕಿಗೆ ಹೂಡಿದ ಮೋಸಕ್ಕೆ ಮನುಷ್ಯನೂ ಬೀಳ್ತಾನೆ ಅನ್ನೋದು ನನಗೆ ಅರ್ಥವಾದದ್ದು ಆ ಪೊದೆಯ ಮುಂದೆ.

"ಮನುಷ್ಯ ಅಂತ ಹೇಗೆ ಗೊತ್ತಾಯ್ತೋ?" ಕೇಳಿದೆ.

"ಗೊತ್ತಾಗಲಿಲ್ಲ. ಅದಕ್ಕೇ ಹೊಡೀಲಿಲ್ಲ" ಅಂದ.

ಬರಿಗೈಯಲ್ಲಿ ಮನೆಗೆ ಬಂದೆವು. "ಕೋಳಿ ಎಲ್ಲಿ?" ಅಂದರು ಅವನ ಹೆಂಡತಿ. ಗೆಳೆಯ ನನ್ನ ಕಡೆ ಕೈ ತೋರಿಸಿದ: "ಕೋಳಿ ಹೋಯ್ತು. ಇವನನ್ನ ವಾಪಸ್ ತಂದಿದ್ದೀನಿ, ಊಟಕ್ಕೆ ಹಾಕು."

ತೆರೆಯ ಮೇಲೆ ಹೀರೋ ಗುಂಡು ಹಾರಿಸಿದರೆ ಶಿಳ್ಳೆ ಹೊಡೆಯೋರು ನಾವು. ಹಾರಿಸದೇ ಇದ್ದದ್ದಕ್ಕೆ ನಾನು ಶಿಳ್ಳೆ ಹೊಡೆದದ್ದು ಅದೊಂದೇ ಸಲ!